ಯಾರೂ ಕೊಳ್ಳದ ಬಣ್ಣ

ನವರಾತ್ರಿ ಹತ್ತಿರ ಬಂದಿತ್ತು. ಬೆಳಿಗ್ಗೆ ಹಿತ್ತಿಲ ಬಾಗಿಲು ತೆಗೆದರೆ ಗಂಧಸಾಲೆ ಅಕ್ಕಿಯ ಅನ್ನ ಬೇಯುವ ವಾಸನೆ. ಯಾರ ಮನೆಯಲ್ಲಪ್ಪ ಇಷ್ಟು ಬೇಗ ಅನ್ನಕ್ಕಿಟ್ಟರು ಎಂದುಕೊಂಡೆ. ಆಮೇಲೆ ಹೊಳೆಯಿತು, ನಮ್ಮ ಜಯಪುರದ ಸುತ್ತಮುತ್ತ ಗಂಧಸಾಲೆ ಬೆಳೆಯುವವರೇ ಈಗ ಇಲ್ಲ; ಎಲ್ಲರ ಮನೆಯಲ್ಲೂ ಅಂಗಡಿಯ ಚೀಲದ ಅಕ್ಕಿ. ತಲೆ ಎತ್ತಿ ನೋಡಿದೆ. ಮಾಡಿನ ತೊಲೆಗೆ ನೇತುಹಾಕಿದ್ದ ಹಲಸಿನ ಕೊರಡಿನ ಮೇಲೆ ಸೀತಾಳೆ ಹೂ ಬಿಟ್ಟಿತ್ತು.

ಸೀತಾಳೆ ಎಂದರೆ ನಮ್ಮ ಕಡೆ ಮರದ ಮೇಲೆ ಬೆಳೆಯುವ ಆರ್ಕಿಡ್ಡುಗಳಿಗೆಲ್ಲ ಒಂದೇ ಹೆಸರು. ಹೆಚ್ಚಿನವರಿಗೆ ಗೊತ್ತಿರುವುದು ಮಳೆಗಾಲದ ಬಾಗಿಲಲ್ಲಿ ದಂಡೆಯ ಹಾಗೆ ಇಳಿಬೀಳುವ, ನೇರಳೆ ಚುಕ್ಕಿಯ, ಹೆಂಗಸರು ಮುಡಿಯುವ ಹೂ. ಇದು ಅದಲ್ಲ. ಇದನ್ನು ಯಾರೂ ಮುಡಿಯುವುದಿಲ್ಲ. ಬೆರಳು ಮಾಡಿ ತೋರಿಸಿದರೂ ಬಂದವರು ಎಲ್ಲಿ, ಎಲ್ಲಿ ಎಂದು ಕಣ್ಣು ಕಿರಿದು ಮಾಡುತ್ತಾರೆ. ಕೊರಡಿನ ಪಕ್ಕದ ಮೊಳೆಯಲ್ಲಿ ಒಂದು ಗಾಜಿನ ಬಳೆ ತೂಗುಹಾಕಿದ್ದೇನೆ. ಅದರ ಧೂಳನ್ನು ಸೆರಗಿನಿಂದ ಒರೆಸಿದೆ. ಒರೆಸುತ್ತ ಬಳೆ ಅಂಗಡಿ ಕಾಕ ನೆನಪಾದರು.

ನನ್ನದು ಜಯಪುರದ ಪೇಟೆಯಲ್ಲಿ ಟೈಲರಿಂಗ್ ಅಂಗಡಿ. ಮದುವೆಯಾಗಿ ಈ ಊರಿಗೆ ಬಂದ ಹೊಸತರಲ್ಲಿ ಶುರು ಮಾಡಿದ್ದು. ಗೋಡೆಗೆ ಗೋಡೆ ತಾಗಿದ ಹಾಗೆ ಕಾಕನ ಬಳೆ ಅಂಗಡಿ. ಊರಿಗೆಲ್ಲ ಅವರು ಕಾಕ. ಯಾರಾದರೂ ಹೆಸರು ಹಿಡಿದು ಕರೆದದ್ದನ್ನು ನಾನಂತೂ ಕೇಳಿಲ್ಲ. ಬಡಕಲು ಮೈ, ಉದ್ದ ಬೆರಳು. ಎಂಥ ಒರಟು ಕೈಗಾದರೂ ಬಿಗಿ ಅಳತೆಯ ಬಳೆಯನ್ನು ಮಾತಾಡಿಸುತ್ತಲೇ ಏರಿಸಿಬಿಡುತ್ತಿದ್ದರು. ತೋಟದಲ್ಲಿ ದುಡಿದು ಕೈ ಗಡುಸಾದ ಹೆಂಗಸರು ಅವರ ಅಂಗಡಿಯನ್ನೇ ಹುಡುಕಿಕೊಂಡು ಬರುತ್ತಿದ್ದುದು ಅದಕ್ಕೇ.

ಬಣ್ಣಗಳಿಗೆ ಅವರದೇ ಹೆಸರುಗಳಿದ್ದವು. ಬರೀ ಕೆಂಪು, ಬರೀ ಹಸಿರು ಎಂದರೆ ಅವರಿಗೆ ಅದು ಮಾತೇ ಅಲ್ಲ. ಈರುಳ್ಳಿ ಸಿಪ್ಪೆ, ಗಿಳಿರೆಕ್ಕೆ, ನವಿಲುಕತ್ತು, ಹಣ್ಣಡಿಕೆ, ಹಸಿ ಅರಿಶಿನ... ಗಿರಾಕಿಯ ಸೀರೆಯ ಕಡೆ ಒಮ್ಮೆ ನೋಡಿ, ಹಿಂದೆ ತಿರುಗದೆಯೇ ಕೈ ಚಾಚಿ ಬೇಕಾದ ಸಾಲಿನಿಂದ ಬಳೆ ತೆಗೆಯುತ್ತಿದ್ದರು. ಬಟ್ಟೆಗೆ ನೂಲು ಹೊಂದಿಸುವ ನನಗೆ ಬಣ್ಣದ ವಿಷಯದಲ್ಲಿ ಸ್ವಲ್ಪ ಜಂಬವಿತ್ತು. ಅವರ ಪಕ್ಕ ಕೂತ ಮೇಲೆ ಅದು ತಾನಾಗಿ ಇಳಿಯಿತು.

ಅವರ ನಿಜವಾದ ಸಂಸಾರ ಇದ್ದದ್ದು ಅಂಗಡಿಯ ಹಿಂದಿನ ಮಾಡಿನಲ್ಲಿ. ಅಲ್ಲಿ ತೊಲೆತೊಲೆಗೂ ಕೊರಡುಗಳು, ತೆಂಗಿನ ಚಿಪ್ಪುಗಳು, ತೂತು ಕೊರೆದ ಮಡಕೆಗಳು. ಎಲ್ಲದರಲ್ಲೂ ಸೀತಾಳೆ. ನಿಂತ ಮರದಿಂದ ಒಂದನ್ನೂ ಕಿತ್ತವರಲ್ಲ. ಕಾಫಿ ತೋಟಗಳಲ್ಲಿ ಮಳೆಗಾಲಕ್ಕೆ ಮೊದಲು ನೆರಳಿನ ಮರಗಳ ಕೊಂಬೆ ಕಡಿದು ಬೆಳಕು ಬಿಡಿಸುತ್ತಾರೆ, ಮರಗಸಿ ಎನ್ನುತ್ತಾರೆ. ಕಡಿದು ಬಿದ್ದ ಕೊಂಬೆಗಳ ಜೊತೆ ಸೀತಾಳೆಯೂ ನೆಲಕ್ಕೆ ಬೀಳುತ್ತದೆ, ಬಿಸಿಲಿಗೆ ಸಾಯುತ್ತದೆ. ನನ್ನ ಗಂಡ ಆಗ ಬಸರೀಕಟ್ಟೆ ಕಡೆಯ ತೋಟಗಳಿಗೆ ಕೆಲಸದವರನ್ನು ಕರೆದೊಯ್ಯುವ ಜೀಪು ಓಡಿಸುತ್ತಿದ್ದರು. ಮರಗಸಿಯ ದಿನಗಳಲ್ಲಿ ಕಾಕ ಅಂಗಡಿಯನ್ನು ಹೆಂಡತಿಗೆ ಒಪ್ಪಿಸಿ, ಒಂದು ಗೋಣಿಚೀಲ ಹಿಡಿದು ಆ ಜೀಪಿನ ಹಿಂದೆ ಹತ್ತಿ ಕೂರುತ್ತಿದ್ದರು. ಸಂಜೆ ಚೀಲದ ತುಂಬ ಬಿದ್ದ ಸೀತಾಳೆ. ಮರುದಿನ ಪೂರ್ತಿ ಅವನ್ನು ಕೊರಡುಗಳಿಗೆ ತೆಂಗಿನ ನಾರಿನಲ್ಲಿ ಕಟ್ಟುವ ಕೆಲಸ. ಆ ದಿನ ಬಳೆಗೆ ಬಂದವರು ಕಾಯಲೇಬೇಕು.

ಸೀತಾಳೆಗಳ ನಡುವೆ ಒಂದು ಹೂಜಿ ಗಿಡವೂ ಇತ್ತು, ಯಾವುದೋ ನರ್ಸರಿಯಿಂದ ತರಿಸಿದ್ದು. ಎಲೆಯ ತುದಿಯಲ್ಲಿ ಮುಚ್ಚಳವಿರುವ ಪುಟ್ಟ ಹೂಜಿ. ಅದರೊಳಗೆ ಜಾರಿದ ನೊಣವಾಗಲಿ ಇರುವೆಯಾಗಲಿ ಮತ್ತೆ ಮೇಲೆ ಬರುವುದಿಲ್ಲ. ನನ್ನ ಅತ್ತೆ ಯಾವುದೋ ಹರಕೆಯ ಮೇಲೆ ಮೀನು ಮಾಂಸ ಬಿಟ್ಟವರು. ಬಿಟ್ಟವರಿಗೆ ಇರುವಷ್ಟು ಕಟ್ಟುನಿಟ್ಟು ಹುಟ್ಟಿನಿಂದ ತಿನ್ನದವರಿಗೂ ಇರುವುದಿಲ್ಲ. ಅವರಿಗೆ ಈ ಗಿಡದ ಮೇಲೆ ಕಣ್ಣು ಬಿತ್ತು.

"ಎಂತ ಜನ್ಮ ಮಾರಾಯ್ರೆ ಇದು, ಗಿಡವಾಗಿ ಹುಟ್ಟಿ ಹುಳ ತಿನ್ನೋದಾ?"

"ಅದು ಹುಟ್ಟಿದ ಮಣ್ಣಲ್ಲಿ ಎಂತದೂ ಸಿಕ್ಲಿಲ್ಲ ಅಮ್ಮ" ಎಂದರು ಕಾಕ. "ಹಸಿವಿಗೆ ಒಂದು ದಾರಿ ಹುಡುಕ್ಕೊಂಡಿದೆ ಅಷ್ಟೆ."

ಆ ಮಾತಿನಿಂದ ಅತ್ತೆಗೆ ಸಿಟ್ಟು ಹೋಗಿ ಕನಿಕರ ಬಂತು. ಕನಿಕರವೇ ಅನಾಹುತ ಮಾಡಿದ್ದು. ಹೊಟ್ಟೆ ತುಂಬಿದರೆ ಪಾಪ ಕೊಲ್ಲುವುದು ಬಿಟ್ಟೀತು ಎಂದು, ಯಾರಿಗೂ ಹೇಳದೆ, ನನಗೆ ಊಟ ತಂದಾಗಲೆಲ್ಲ ಹಿಂದಕ್ಕೆ ಹೋಗಿ ಒಂದೊಂದು ಹೂಜಿಗೂ ಒಂದೊಂದು ಚಮಚ ಮೊಸರನ್ನ ಹಾಕಿ ಬರುತ್ತಿದ್ದರು. ಹೂಜಿಗಳು ಕಪ್ಪಾಗಿ ಕೊಳೆತು ಗಬ್ಬು ನಾತ ಹೊಡೆದ ಮೇಲೆಯೇ ವಿಷಯ ಹೊರಬಿದ್ದದ್ದು. ನಾನು ನಾಚಿಕೆಯಿಂದ ಕುಗ್ಗಿಹೋದೆ. ಕಾಕ ಕೊಳೆತದ್ದನ್ನೆಲ್ಲ ಕತ್ತರಿಸಿ, ಬುಡ ತೊಳೆದು, ಡ್ರಮ್ಮಿನಲ್ಲಿ ಹಿಡಿದಿಟ್ಟ ಮಳೆನೀರು ಹನಿಸಿದರು. ಅತ್ತೆಗೆ ಹೇಳಿದ್ದು ಇಷ್ಟೇ: "ಅಮ್ಮ, ನೀವು ಬಿಟ್ಟದ್ದು ನಿಮ್ಮಿಷ್ಟ. ಅದಕ್ಕೆ ಬಿಡ್ಸೋಕೆ ಹೋಗ್ಬೇಡಿ."

ಗಿಡ ಸಾಯಲಿಲ್ಲ, ನಿಧಾನಕ್ಕೆ ಹೊಸ ಹೂಜಿ ಬಿಟ್ಟಿತು. ಆಮೇಲೆ ಅದಕ್ಕೆ ಮಳೆನೀರು ಹಿಡಿದುಕೊಡುವ ಕೆಲಸವನ್ನು ಅತ್ತೆಯೇ ವಹಿಸಿಕೊಂಡರು. ಬೈಯುತ್ತಲೇ ಹಿಡಿಯುತ್ತಿದ್ದರು.

ಆ ಮಾಡಿನ ಮೂಲೆಯಲ್ಲಿದ್ದದ್ದು ಈ ಕೊರಡು. ಬಸರೀಕಟ್ಟೆಯ ತೋಟವೊಂದರಲ್ಲಿ ಬಿದ್ದ ಕೊಂಬೆಯಿಂದ ಕಾಕ ಬಿಡಿಸಿ ತಂದ ಸೀತಾಳೆ. ಗೇಣುದ್ದವೂ ಇಲ್ಲದ ಎಲೆ, ಸಣ್ಣ ಗಂಟು ಗಂಟು ಬುಡ. ಉಳಿದವು ವರ್ಷ ವರ್ಷ ಹೂ ಬಿಟ್ಟರೆ ಇದು ಸುಮ್ಮನೆ ಕೂತಿತ್ತು. ಸಾಯುವುದೂ ಇಲ್ಲ, ಹೂ ಬಿಡುವುದೂ ಇಲ್ಲ. ಎಂಥ ಹೂವಿನದು ಎಂದು ಅವರಿಗೂ ಗೊತ್ತಿರಲಿಲ್ಲ. "ಇದಕ್ಕೆ ಅವಸರ ಇಲ್ಲ" ಎನ್ನುತ್ತಿದ್ದರು. ಅವರಿಗೂ ಇರಲಿಲ್ಲ, ಶಿವಮೊಗ್ಗದ ಡಾಕ್ಟರ ಹತ್ತಿರ ಹೋಗಿ ಬರುವವರೆಗೆ.

ಬಹಳ ವರ್ಷಗಳ ಸಕ್ಕರೆ ಕಾಯಿಲೆ ಕಣ್ಣಿನ ಒಳಗೆ ಇಳಿದಿತ್ತಂತೆ. ಲೇಸರ್ ಮಾಡಿದರು, ಇಂಜೆಕ್ಷನ್ ಕೊಟ್ಟರು. ದೃಷ್ಟಿ ಇರುವಷ್ಟು ದಿನ ಇರುತ್ತದೆ, ಆಮೇಲೆ ಬೆಳಕು ಕತ್ತಲೆ ಮಾತ್ರ ತಿಳಿದೀತು ಎಂದರಂತೆ. ಬಸ್ಸಿಳಿದು ಬಂದ ಕಾಕ ಅಂಗಡಿಗೆ ಹೋಗದೆ ನೇರ ಹಿಂದಿನ ಮಾಡಿಗೆ ಹೋಗಿ ಆ ಕೊರಡಿನ ಕೆಳಗೆ ನಿಂತರು. ನಾನು ಕಾಫಿ ತಗೊಂಡು ಹೋದೆ.

"ಇದೊಂದನ್ನ ನೋಡ್ಬೇಕಿತ್ತು ಮಾರಾಯ್ತಿ" ಎಂದರು.

ಅಷ್ಟೇ ಹೇಳಿದ್ದು. ಕಾಫಿ ಲೋಟವನ್ನು ಬೆಂಚಿನ ಮೇಲಿಟ್ಟು ಬಂದೆ.

ಅಂಗಡಿಗೆ ಬರುವ ಹೆಂಗಸರಿಗೆಲ್ಲ ವಿಷಯ ಗೊತ್ತಾಗಲು ಒಂದು ಸಂತೆ ಸಾಕಾಯಿತು. ಪಕ್ಕದ ಊರು ನಾರ್ವೆಯಿಂದ ಬಂದವಳು ಅಕ್ಕಿ ತೊಳೆದ ನೀರು ಹಾಕಿ ಎಂದಳು. ನನ್ನ ಗಂಡ ಮೀನು ತೊಳೆದ ನೀರು ಎಂದರು. ಅತ್ತೆ ಮಾತ್ರ ಈ ಸಲ ಬಾಯಿ ಬಿಡಲಿಲ್ಲ. ಕಾಕ ಯಾವುದನ್ನೂ ಹಾಕಲಿಲ್ಲ. ಕೊರಡನ್ನು ಒಮ್ಮೆ ಪೂರ್ವದ ತೊಲೆಗೆ, ಒಮ್ಮೆ ಗಾಳಿಯಾಡುವ ಕಡೆಗೆ ಬದಲಾಯಿಸಿದರು, ಬೇಸಗೆಯಲ್ಲಿ ನೀರು ಕಡಿಮೆ ಮಾಡಿದರು. ಯಾರೋ ಕರುಣೆಯಿಂದ ಕೊಪ್ಪದಿಂದ ಕುಂಡದ ಸಮೇತ ದೊಡ್ಡ ನೇರಳೆ ಬಣ್ಣದ ಆರ್ಕಿಡ್ ತಂದುಕೊಟ್ಟರು, ಒಂದೊಂದು ಹೂವೂ ಅಂಗೈ ಅಗಲ. ಕಾಕ ಅದನ್ನು ಹತ್ತಿರ ಹಿಡಿದು ಬಹಳ ಹೊತ್ತು ನೋಡಿ, "ಚೆಂದ ಉಂಟು. ಆದ್ರೆ ನಾನು ಕಾದದ್ದು ಇದಕ್ಕಲ್ಲ" ಎಂದರು. ದಾರಿಯಲ್ಲಿ ಹೋಗುವವರೂ ಅಂಗಡಿಯೊಳಗೆ ಇಣುಕಿ "ಬಿಡ್ತಾ ಕಾಕ?" ಎಂದು ಕೇಳುವುದು ರೂಢಿಯಾಯಿತು.

ಬಿಡಲಿಲ್ಲ. ಕಣ್ಣೇ ಮೊದಲು ಹೋಯಿತು.

ಆಮೇಲೂ ಅವರು ಅಂಗಡಿಗೆ ಬಂದು ಕೂರುತ್ತಿದ್ದರು. ಬಳೆ ಏರಿಸುವುದು ಬೆರಳಿಗೆ ಗೊತ್ತಿದ್ದ ಕೆಲಸ, ಅದಕ್ಕೆ ಕಣ್ಣು ಬೇಕಿರಲಿಲ್ಲ. "ಮೇಲಿಂದ ಮೂರನೇ ಸಾಲು, ಬಾಗಿಲ ಕಡೆಯದ್ದು" ಎಂದರೆ ಅವರ ಹೆಂಡತಿ ತೆಗೆದುಕೊಡುತ್ತಿದ್ದರು. ಸಂಜೆ ನನ್ನ ಮಿಷನ್ನು ನಿಲ್ಲಿಸಿದ ಮೇಲೆ ಹಿಂದಿನ ಮಾಡಿಗೆ ಹೋಗಿ ಯಾವ ಯಾವ ಗಿಡ ಹೂ ಬಿಟ್ಟಿದೆ ಎಂದು ಹೇಳುವುದು ನನ್ನ ಪಾಲಿಗೆ ಬಂತು. ಮೊದಲ ದಿನ ನೂಲಿನ ಉಂಡೆ ಒಯ್ದು, ಈ ನಂಬರಿನ ಗುಲಾಬಿ ಎಂದೆ. "ನಿನ್ನ ನೂಲು ನಂಗೆ ಗೊತ್ತಿಲ್ಲ. ನನ್ನ ಬಳೆ ತಗೊಂಡು ಹಿಡಿದು ನೋಡು" ಎಂದರು. ಹಾಗೆ ಶುರುವಾಯಿತು. ಹೂವಿನ ಪಕ್ಕ ಬಳೆ ಹಿಡಿದು ಹೊಂದುವುದನ್ನು ಹುಡುಕುವುದು, ಅದು ಯಾವ ಸಾಲಿನದು ಎಂದು ಹೇಳುವುದು. ಅವರು ತಲೆ ಅಲ್ಲಾಡಿಸಿ, "ಹೋದ ವರ್ಷಕ್ಕಿಂತ ತಿಳಿಯಾಯ್ತು" ಎನ್ನುವರು. ನೋಡದೆ ಹೇಗೆ ಹೇಳುತ್ತಾರೆ ಎಂದು ಮೊದಮೊದಲು ಅನುಮಾನಪಡುತ್ತಿದ್ದೆ... ಆಮೇಲೆ ಬಿಟ್ಟೆ.

ಅಂಥ ಒಂದು ನವರಾತ್ರಿಯ ಹೊತ್ತಿಗೆ, ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವ ಮೊದಲೇ ಅವರ ಹೆಂಡತಿ ಕರೆದರು. ಕಾಕ ಮಾಡಿನಲ್ಲಿ ಬೆಂಚಿನ ಮೇಲೆ ಕೂತು ಮೂಗು ಮೇಲೆ ಮಾಡಿದ್ದರು. "ಇಲ್ಲಿ ಯಾರೂ ಅನ್ನ ಮಾಡ್ತಾ ಇಲ್ಲ. ನೋಡು, ಅದೇನಾ?"

ಅದೇ ಆಗಿತ್ತು. ಎಲೆಯ ಸಂದಿಯಿಂದ ಎಳೆ ದಾರದಂಥ ಒಂದು ಕಡ್ಡಿ, ಅದರ ತುಂಬ ಹೂ. ನಾನು ನೋಡಿದೆ, ಮತ್ತೆ ನೋಡಿದೆ. ಇಷ್ಟು ವರ್ಷ ಕಾದದ್ದು ಇದಕ್ಕಾ ಎಂದು ಅಳು ಬಂತು.

"ಹೇಳು" ಎಂದರು.

ಬಣ್ಣ ಕಟ್ಟಿ ಹೇಳಬಹುದಿತ್ತು. ಅವರ ಹೆಂಡತಿಯೂ ಕಣ್ಣಲ್ಲೇ ಹಾಗೆ ಹೇಳು ಎಂದು ಸನ್ನೆ ಮಾಡಿದರು. ಆದರೆ ಬಳೆಯ ಮನುಷ್ಯನಿಗೆ ಸುಳ್ಳು ಬಣ್ಣ ಹೇಳಲು ನನಗೆ ನಾಲಿಗೆ ಹೊರಳಲಿಲ್ಲ.

"ಸಣ್ಣದು ಕಾಕ."

"ಎಷ್ಟು ಸಣ್ಣದು?"

"ಶರ್ಟಿನ ಕಾಲರಿಗೆ ಹಾಕ್ತೀನಲ್ಲ, ಆ ಗುಂಡಿಯಷ್ಟೂ ಇಲ್ಲ."

"ಬಣ್ಣ?"

"ಹಸಿರೂ ಅಲ್ಲ, ಹಳದಿಯೂ ಅಲ್ಲ... ಗೊತ್ತಾಗ್ತಾ ಇಲ್ಲ."

"ಬಳೆ ತಾ."

ಗಿಳಿರೆಕ್ಕೆ ತಂದೆ, ಹೊಂದಲಿಲ್ಲ. ಹಸಿ ಅರಿಶಿನ ತಂದೆ, ಹೊಂದಲಿಲ್ಲ. ಅಷ್ಟರಲ್ಲಿ ಹಬ್ಬದ ಬಳೆಗೆ ಬಂದ ಹೆಂಗಸರು ಒಳಗೆ ನುಗ್ಗಿದರು. ಒಬ್ಬೊಬ್ಬರೂ ಒಂದೊಂದು ಬಳೆ ತಂದು ಹೂವಿನ ಪಕ್ಕ ಹಿಡಿಯುವವರೇ. "ಇದು ನೋಡಿ", "ಛೆ, ಇದು ಎಲ್ಲಿ, ಅದು ಎಲ್ಲಿ." ಕೊನೆಗೆ ಕಾಕನ ಹೆಂಡತಿ ಸ್ಟೂಲು ಹತ್ತಿ ಎಲ್ಲಕ್ಕಿಂತ ಮೇಲಿನ ಸಾಲಿನಿಂದ ಧೂಳು ಹಿಡಿದ ಒಂದು ಪೆಟ್ಟಿಗೆ ಇಳಿಸಿದರು. ನಾನು ಅಂಗಡಿ ಹಾಕುವುದಕ್ಕೂ ಮೊದಲು ಯಾವುದೋ ಊರಿನ ವ್ಯಾಪಾರಿ ತಪ್ಪಿ ಕಳಿಸಿದ್ದಂತೆ. ಹಣ್ಣಾಗಲು ಹೊರಟ ಹಾಗಲಕಾಯಿಯ ಬಣ್ಣ. ಒಬ್ಬ ಹೆಂಗಸೂ ಕೊಂಡಿರಲಿಲ್ಲ. ಅದನ್ನು ತೋರಿಸಿದರೆ ಗಿರಾಕಿಗಳು ಮುಖ ಸಿಂಡರಿಸುತ್ತಿದ್ದರು. ಎಸೆಯಲು ಮನಸ್ಸು ಬಾರದೆ ಕಾಕ ಎದುರು ಗೋಡೆಯ ಆ ಸಾಲಿನಲ್ಲಿ ಮುಚ್ಚಳ ತೆಗೆದೇ ಇಟ್ಟುಕೊಂಡಿದ್ದರು.

ಒಂದು ಬಳೆ ಒರೆಸಿ ಹೂವಿನ ಪಕ್ಕ ಹಿಡಿದೆ. ಬಳೆ ಯಾವುದು ಹೂ ಯಾವುದು ಎಂದು ತಿಳಿಯದಷ್ಟು ಹೊಂದಿತು. ಗಲಾಟೆ ಮಾಡುತ್ತಿದ್ದ ಹೆಂಗಸರೆಲ್ಲ ಹತ್ತಿರ ಬಂದು ಬಗ್ಗಿ ನೋಡಿದರು.

"ಮೇಲಿನ ಸಾಲು ಕಾಕ" ಎಂದೆ. "ಹಾಗಲಕಾಯಿ."

ಅವರು ಕೈ ಚಾಚಿದರು. ಬಳೆಯನ್ನು ಅಂಗೈಯಲ್ಲಿ ಇಟ್ಟೆ. ಬೆರಳಲ್ಲಿ ಒಮ್ಮೆ ಸುತ್ತ ತಿರುಗಿಸಿದರು. ಮೊದಲು ಭುಜ ಅಲುಗಿತು, ಅಳುತ್ತಿದ್ದಾರೆ ಎಂದುಕೊಂಡೆ. ನಗುತ್ತಿದ್ದರು. ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು.

"ಇಷ್ಟು ವರ್ಷ ಎದ್ರಿಗೇ ಇಟ್ಕೊಂಡು ಕೂತಿದ್ನಲ್ಲೇ ಮಾರಾಯ್ತಿ. ದಿನಾ ನೋಡಿದ ಬಣ್ಣ."

ಆ ನಗುವನ್ನು ನಾನು ಮತ್ತೆ ಎಲ್ಲೂ ಕೇಳಲಿಲ್ಲ. ಬೆಂಚಿನಿಂದ ಎದ್ದು, ನಾವು ಕೊರಡು ಇಳಿಸಿಕೊಟ್ಟ ಮೇಲೆ, ಮೂಗಿಗೆ ತಾಗುವಷ್ಟು ಹತ್ತಿರ ತಂದು ಒಂದೊಂದೇ ಹೂವನ್ನು ಬೆರಳ ತುದಿಯಿಂದ ಮುಟ್ಟಿದರು. "ಸರಿ" ಎಂದರು, "ನೋಡಿ ಆಯ್ತು." ನಾನು ಆ ಬಣ್ಣದ ಬಳೆಗಳನ್ನು ಎರಡು ಕೈಗೂ ಏರಿಸಿಕೊಂಡೆ. ಅವರೇ ಏರಿಸಿದರು, ನೋಯಲಿಲ್ಲ. ಅಲ್ಲಿದ್ದ ಒಬ್ಬಿಬ್ಬರೂ ಕೈ ಮುಂದೆ ಚಾಚಿದರು. ಅವರು ದಾಕ್ಷಿಣ್ಯಕ್ಕೆ ಹಾಕಿಕೊಂಡರೇನೋ. ನಾನು ಮಾತ್ರ ಇಷ್ಟಪಟ್ಟೇ ಹಾಕಿಕೊಂಡೆ.

ಮುಂದಿನ ಸಲ ಅದು ಹೂ ಬಿಡುವ ಹೊತ್ತಿಗೆ ಕಾಕ ಇರಲಿಲ್ಲ. ಅವರ ಹೆಂಡತಿ ಅಂಗಡಿ ಮುಚ್ಚಿ ನರಸಿಂಹರಾಜಪುರದ ಮಗಳ ಮನೆಗೆ ಹೋದರು. ಹೋಗುವ ಮೊದಲು ಸೀತಾಳೆಗಳನ್ನೆಲ್ಲ ಕೇಳಿದವರಿಗೆ ಕೊಟ್ಟರು. ಈ ಕೊರಡನ್ನು ಮಾತ್ರ ಕೇಳುವ ಮೊದಲೇ ನನ್ನ ಕೈಗಿಟ್ಟರು. ಹೂಜಿ ಗಿಡವನ್ನು ಅತ್ತೆ ತಾವೇ ಬಾಯಿಬಿಟ್ಟು ಕೇಳಿ ತಂದುಕೊಂಡರು. ಈಗ ಅಡಿಗೆಮನೆಯ ಕಿಟಕಿಯಲ್ಲಿ ತೂಗುತ್ತಿದೆ, ಅತ್ತೆ ಅದಕ್ಕೆ "ತಿನ್ನು ಪಾಪಿ" ಎಂದು ಮಳೆನೀರು ಹಾಕುತ್ತಾರೆ. ಬಳೆ ಅಂಗಡಿಯಿದ್ದಲ್ಲಿ ಮೊಬೈಲ್ ಅಂಗಡಿ ಬಂದಿದೆ. ಆ ಹುಡುಗ ಒಳ್ಳೆಯವನೇ, ಆದರೂ ಗೋಡೆಯ ಆಚೆಯ ಬಳೆ ಸದ್ದಿಗೆ ಒಗ್ಗಿದ ಕಿವಿ ಇನ್ನೂ ಹೊಂದಿಕೊಂಡಿಲ್ಲ.

ನನ್ನ ಬಳೆಗಳು ಮಿಷನ್ನಿಗೆ ತಾಗಿ ತಾಗಿ ಒಂದೊಂದಾಗಿ ಒಡೆದವು. ಉಳಿದದ್ದು ಮೊಳೆಯಲ್ಲಿರುವ ಈ ಒಂದು.

ಆ ಬೆಳಿಗ್ಗೆ ಧೂಳು ಒರೆಸಿದ ಮೇಲೆ ಅದನ್ನು ಹೂವಿನ ಪಕ್ಕ ಹಿಡಿದೆ. ಸ್ವಲ್ಪ ಬೆಳಕಿಗೆ ತಿರುಗಿಸಿ ಮತ್ತೆ ಹಿಡಿದೆ.

"ಮೇಲಿನ ಸಾಲು ಕಾಕ" ಎಂದೆ. "ಹೋದ ವರ್ಷದ್ದೇ ಬಣ್ಣ."

ಜೋರಾಗಿಯೇ ಹೇಳಿದ್ದೆ ಎಂದು ಕಾಣುತ್ತದೆ. ಒಳಗಿಂದ ನನ್ನ ಗಂಡ ಕೇಳಿದರು, "ಯಾರು ಬಂದಿದಾರೆ?"

"ಯಾರೂ ಇಲ್ಲ" ಎಂದು, ಬಳೆಯನ್ನು ಮೊಳೆಗೆ ಹಾಕಿದೆ.