ಅತ್ತೆಯ ಪಾಲಿನ ಹಿಡಿಯಕ್ಕಿ

ಅತ್ತೆಯ ಅನ್ನ ಕದ್ದು ದೇವರಿಗೆ ಕೊಟ್ಟೆ. ದೇವರಿಗೆ ಎಂದೆನಲ್ಲ, ಅದೂ ಪೂರಾ ನಿಜವಲ್ಲ. ಪಾದ್ರಿಯವರ ಹೆಂಡತಿ ನನ್ನನ್ನು ಹೊಗಳಲಿ ಎಂದು ಕೊಟ್ಟೆ. ನಮ್ಮ ಸಭೆಯ ಹೆಂಗಸರು ಇದನ್ನು ತಿಳಿದುಕೊಳ್ಳಬೇಕು. ನೀವು ನನ್ನನ್ನು ಹಿಡಿಯಕ್ಕಿ ಮಾರ್ತಜ್ಜಿ ಎಂದು ಕರೆದು ಮುಂದಿನ ಚಾಪೆಯಲ್ಲಿ ಕೂರಿಸುತ್ತೀರಿ. ನಾನೂ ಕೂತೆ — ಇಷ್ಟು ವರ್ಷ ಕೂತೆ.

ನನಗೆ ಅಕ್ಷರ ಅಷ್ಟಕ್ಕಷ್ಟೆ. ಸುವಾರ್ತೆ ಓದಲಿಕ್ಕೆಂದು ದೊಡ್ಡವಳಾದ ಮೇಲೆ ಕಲಿತದ್ದು. ತಪ್ಪಿದ್ದರೆ ತಿದ್ದಿಕೊಳ್ಳಿ. ವಿಷಯ ತಿದ್ದಬೇಡಿ.

ಹಿಡಿಯಕ್ಕಿ ಎಂದರೆ ಈಗಿನ ಹುಡುಗಿಯರಿಗೆ ಹಗುರ. ಆಗ ಹಾಗಿರಲಿಲ್ಲ. ಅನ್ನಕ್ಕೆ ಅಕ್ಕಿ ತೊಳೆಯುವ ಮುಂಚೆ ಒಂದು ಹಿಡಿ ತೆಗೆದು ಬೇರೆ ಕುಡಿಕೆಗೆ ಹಾಕಬೇಕು. ಭಾನುವಾರ ಅದನ್ನು ಸೆರಗಿನಲ್ಲಿ ಗಂಟು ಕಟ್ಟಿ ತಂದು, ಆರಾಧನೆಯ ಕೊನೆಗೆ ಒಬ್ಬೊಬ್ಬರೇ ಮುಂದೆ ಹೋಗಿ ಬುಟ್ಟಿಗೆ ಸುರಿಯಬೇಕು. ಬುಟ್ಟಿಯ ಪಕ್ಕದಲ್ಲಿ ಅಮ್ಮನವರು ನಿಂತಿರುತ್ತಿದ್ದರು — ಪಾದ್ರಿಯವರ ಹೆಂಡತಿಯನ್ನು ನಾವೆಲ್ಲ ಹಾಗೇ ಕರೆಯುತ್ತಿದ್ದೆವು. ಆ ಅಕ್ಕಿ ಅನಾಥ ಮಕ್ಕಳಿಗೆ, ದಿಕ್ಕಿಲ್ಲದ ಹೆಂಗಸರಿಗೆ ಹೋಗುತ್ತಿತ್ತು. ಒಳ್ಳೆಯ ಪದ್ಧತಿ. ಪದ್ಧತಿಯ ಮೇಲೆ ನಾನು ತಪ್ಪು ಹೊರಿಸುವುದಿಲ್ಲ.

ನಾವು ಸಿದ್ದಾಪುರದ ಹತ್ತಿರ ಕಾಫಿ ಎಸ್ಟೇಟಿನ ಲೈನಿನಲ್ಲಿ, ಕೂಲಿಯವರ ಸಾಲುಮನೆಯಲ್ಲಿದ್ದೆವು. ನಾನು, ಗಂಡ ಯೋಸೇಫ, ಮಕ್ಕಳು ದೀಕ್ಷಾಸ್ನಾನ ತೆಗೆದುಕೊಂಡಿದ್ದೆವು. ಯೋಸೇಫನ ತಾಯಿ ಕೆಂಚಮ್ಮ ತೆಗೆದುಕೊಳ್ಳಲಿಲ್ಲ. ಜಗಳವನ್ನೂ ಆಡಲಿಲ್ಲ. ಸೋಮವಾರಪೇಟೆ ಕಡೆಯಿಂದ ಮಗನ ಜೊತೆ ಬಂದಿದ್ದ ಆಕೆ, ನೀವು ಹೋಗಿ ಬನ್ನಿ, ನಾನು ಮನೆ ನೋಡಿಕೊಳ್ಳುತ್ತೇನೆ ಎಂದು ಮೂಲೆಯಲ್ಲಿ ಕೂರುತ್ತಿದ್ದಳು. ಕಣ್ಣು ಮಂಜಾಗಿತ್ತು.

ಒಂದು ವಾರ ಯೋಸೇಫ ಎಸ್ಟೇಟಿನ ಗಾಡಿಯ ಜೊತೆ ಹೊರಗೆ ಹೋಗಿದ್ದ. ಅವನ ಪಾಲು ಉಳಿಯಿತಲ್ಲ ಎಂದು ಅದನ್ನೂ ಕುಡಿಕೆಗೆ ಹಾಕಿದೆ. ಆ ಭಾನುವಾರ ನನ್ನ ಗಂಟು ಎಲ್ಲರದ್ದಕ್ಕಿಂತ ದೊಡ್ಡದು. ಅಮ್ಮನವರು ಎಲ್ಲರ ಮುಂದೆ ನನ್ನ ಹೆಗಲ ಮೇಲೆ ಕೈಯಿಟ್ಟು, ಮಾರ್ತಳನ್ನು ನೋಡಿ ಕಲಿಯಿರಿ ಎಂದರು. ಹುಟ್ಟಿದಾಗಿನಿಂದ ನನ್ನ ಬಗ್ಗೆ ಒಬ್ಬರೂ ಒಂದು ಒಳ್ಳೆಯ ಮಾತು ಆಡಿರಲಿಲ್ಲ. ಹಾಜರಿ ಬರೆಯುವ ಎಸ್ಟೇಟಿನ ರೈಟರಿಗೆ ನಾನು ಬರೀ ‘ಏಯ್’. ಆ ಹೊತ್ತು ನನ್ನ ಬೆನ್ನು ನೆಟ್ಟಗಾಯಿತು. ಮುಂದಿನ ಭಾನುವಾರ ಚಿಕ್ಕ ಗಂಟು ಹಿಡಿದು ಹೋಗಲು ನನ್ನಿಂದ —

ಎಲ್ಲಿಂದ ತರುವುದು? ಗಂಡನಿಗೆ ಕಡಿಮೆ ಬಡಿಸಿದರೆ ಕೇಳುತ್ತಾನೆ. ಮಕ್ಕಳಿಗೆ ಕಡಿಮೆ ಮಾಡಿದರೆ ಅಳುತ್ತವೆ. ಅತ್ತೆ ಕೇಳುವವಳಲ್ಲ, ಅಳುವವಳೂ ಅಲ್ಲ.

ಮೊದಲು ಅವಳ ಪಾಲಿನಿಂದ ಒಂದು ಹಿಡಿ. ಆಮೇಲೆ ಇನ್ನೊಂದು. ಮಳೆ ಹಿಡಿಯಿತು, ಎಸ್ಟೇಟಿನಲ್ಲಿ ಕೆಲಸ ಕಡಿಮೆಯಾಯಿತು, ಸಿಗುವ ಅಕ್ಕಿಯೂ ಕಡಿಮೆಯಾಯಿತು. ನನ್ನ ಸೆರಗಿನ ಗಂಟು ಮಾತ್ರ ಕಡಿಮೆಯಾಗಲಿಲ್ಲ. ಅತ್ತೆಯ ತಟ್ಟೆಗೆ ಗಂಜಿಯ ತಿಳಿ ಬಿತ್ತು. ಯೋಸೇಫ ಕೇಳಿದಾಗ, ವಯಸ್ಸಾದವರಿಗೆ ಅನ್ನ ಅರಗುವುದಿಲ್ಲ ಎಂದೆ. ಅವನು ನಂಬಿದ.

ಆ ಮಳೆಯಲ್ಲೇ ಅಮ್ಮನವರು ಸಭೆಯ ಹೆಂಗಸರನ್ನು ಕರೆದುಕೊಂಡು ಲೈನಿಗೆ ಬಂದರು. ಅತ್ತೆಯ ಕೈ ಹಿಡಿದು ನೋಡಿದರು. ಬರೀ ಮೂಳೆ. ಯಾಕೆ ಹೀಗಾಗಿದ್ದಾರೆ ಎಂದು ನನ್ನನ್ನು ಕೇಳಿದರು. ನಿಜ ಹೇಳಬಹುದಿತ್ತು. ಸುಮ್ಮನಾದರೂ ಇರಬಹುದಿತ್ತು.

“ಹಳೇ ದೇವ್ರಿಗೆ ಹರಕೆ ಹೊತ್ಕೊಂಡು ಉಪವಾಸ ಮಾಡ್ತಾರೆ ಅಮ್ಮಾ. ಎಷ್ಟು ಹೇಳಿದ್ರೂ ಉಣ್ಣಲ್ಲ.”

ಅಮ್ಮನವರ ಕಣ್ಣಲ್ಲಿ ನೀರು ಬಂತು. ಎಲ್ಲರೂ ಅಲ್ಲೇ ಮೊಣಕಾಲೂರಿ, ಈ ಮುದುಕಿಯ ಕಲ್ಲು ಮನಸ್ಸು ಕರಗಲಿ ಎಂದು ಪ್ರಾರ್ಥನೆ ಮಾಡಿದರು. ನಾನೂ ಮೊಣಕಾಲೂರಿದೆ. ಎಲ್ಲರಿಗಿಂತ ಗಟ್ಟಿಯಾಗಿ ಆಮೆನ್ ಅಂದೆ.

ಅತ್ತೆಗೆ ಮಂಜಾದದ್ದು ಕಣ್ಣು, ಕಿವಿಯಲ್ಲ. ಅವರೆಲ್ಲ ಹೋದ ಮೇಲೆ ನನ್ನನ್ನು ಹಳೆಯ ಹೆಸರಿನಿಂದ ಕರೆದಳು.

“ಅಲ್ಲ ಕಣೆ ಪುಟ್ಟೀ, ನನ್ ಗಂಜಿ ನಿನ್ ದೇವ್ರಿಗೆ ಮುಟ್ತೋ, ಆ ಅಮ್ಮಂಗೆ ಮುಟ್ತೋ? ದೇವ್ರಿಗಾದ್ರೆ ಇರ್ಲಿ ಬಿಡು.”

ಮೊದಲಿನಿಂದ ಅವಳಿಗೆ ಗೊತ್ತಿತ್ತು. ದೇವರ ಹೆಸರಿಗೆ ಹೋಗುತ್ತಿದೆ ಎಂದು ಬಿಟ್ಟುಕೊಟ್ಟಿದ್ದಳು — ತನ್ನದಲ್ಲದ ದೇವರಿಗೆ. ನಾನು ಪಾತ್ರೆ ತೊಳೆಯಲು ಎದ್ದು ಹೋದೆ. ಅಲ್ಲಿಗಾದರೂ ನಿಲ್ಲಿಸಿದೆನೋ ಎಂದರೆ, ಇಲ್ಲ. ಎರಡು ದಿನ ಅನ್ನ ಬಡಿಸಿದೆ. ಭಾನುವಾರ ಹತ್ತಿರ ಬಂತು, ಮತ್ತೆ ತಿಳಿಗಂಜಿ.

ಆ ಮಳೆ ಮುಗಿಯುವ ಮುಂಚೆ ಅತ್ತೆ ಜ್ವರ ಬಂದು ಸತ್ತಳು. ಜ್ವರವೇ ಎಂದು ಎಲ್ಲರೂ ಹೇಳಿದರು. ಆ ವರ್ಷ ಲೈನಿನಲ್ಲಿ ಎಷ್ಟೋ ಜನಕ್ಕೆ ಜ್ವರ ಬಂದಿತ್ತು, ನಿಜ. ಉಂಡವರಲ್ಲಿ ಕೆಲವರು ಎದ್ದರು. ಇಷ್ಟೇ ನನಗೆ ಗೊತ್ತು.

ಹಟ ಬಿಡದೆ ಸತ್ತ ಮುದುಕಿ ಎಂದು ಸಭೆಯಲ್ಲಿ ಅವಳ ಹೆಸರು ಉಳಿಯಿತು. ಪಾದ್ರಿಯವರ ಪ್ರಸಂಗದಲ್ಲೂ ಒಂದು ಸಲ ಬಂತು. ಧಾರಾಳಿ ಎಂದು ನನ್ನ ಹೆಸರು ಉಳಿಯಿತು. ಎರಡೂ ನಾನೇ ಇಟ್ಟ ಹೆಸರುಗಳು.

ದೇವರ ಹತ್ತಿರ ಇದನ್ನು ಎಂದೋ ಹೇಳಿಕೊಂಡೆ. ಅವನು ನೋಡಿದ್ದನ್ನೇ ಅವನಿಗೆ ಹೇಳಿದ್ದು. ಅವನು ನನ್ನನ್ನು ತಳ್ಳಲಿಲ್ಲ. ಹೇಗೆ ಗೊತ್ತು ಎಂದು ಕೇಳಬೇಡಿ, ಗೊತ್ತು. ಆದರೆ ಅವನಿಗೆ ಮಾತ್ರ ಹೇಳಿ ನಿಮಗೆ ಹೇಳದೆ ಉಳಿದೆನಲ್ಲ — ಅದೂ ನಿಮ್ಮ ಮೆಚ್ಚುಗೆ ಉಳಿಸಿಕೊಳ್ಳಲಿಕ್ಕೇ. ಅದನ್ನು ನಾನು ತಾಳ್ಮೆ ಎಂದುಕೊಂಡಿದ್ದೆ, ಮರ್ಯಾದೆ ಎಂದುಕೊಂಡಿದ್ದೆ. ಅದು ಅದೇ ಹಳೆಯ ಹಸಿವು.

ಈಗ ಸಭೆಯ ಉಪದೇಶಿಯವರು ಮನೆಗೆ ಬಂದು, ಬರುವ ಬೆಳೆ ಹಬ್ಬದ ದಿನ ನನ್ನನ್ನು ಮುಂದೆ ಕುರ್ಚಿಯಲ್ಲಿ ಕೂರಿಸುತ್ತೇವೆ, ದೇವರಿಗೆ ಕೊಡುವುದು ಹೇಗೆಂದು ಹುಡುಗಿಯರಿಗೆ ನಾಲ್ಕು ಮಾತು ಹೇಳಬೇಕು ಎಂದರು. ಹೇಳುತ್ತೇನೆ ಎಂದೆ. ಅವರು ಸಂತೋಷಪಟ್ಟು ಹೋದರು. ಏನು ಹೇಳುತ್ತೇನೆಂದು ಸೊಸೆ ಸಾರಳಿಗೆ ಮೊದಲು ತಿಳಿಸಿದೆ. ಅವಳು ಕೇರುತ್ತಿದ್ದ ಮೊರ ಕೆಳಗಿಟ್ಟಳು.

“ಈಗ್ಯಾಕೆ ಅತ್ತೆ? ಸತ್ತೋರು ಎದ್ದು ಬರ್ತಾರಾ? ನಿಮ್ಗೇನು, ಇವತ್ತೋ ನಾಳೆಯೋ ಹೋಗ್ತೀರಿ. ನಮ್ ಹುಡ್ಗಿಗೆ ಇದೇ ಸಭೇಲಿ ಗಂಡು ನೋಡ್ಬೇಕು.”

ಅವಳ ಮಾತು ಸುಳ್ಳಲ್ಲ. ಮೊಮ್ಮಗಳಿಗೆ ತೊಂದರೆಯಾಗಬಹುದು. ಆದರೂ ಅಜ್ಜಿ ಎಂಥವಳೆಂದು ತಿಳಿದೇ ಬರುವವನು ಬರಲಿ ಎಂದೆ. ಸಾರ ಇನ್ನೂ ನನ್ನ ಜೊತೆ ಸರಿಯಾಗಿ ಮಾತಾಡುತ್ತಿಲ್ಲ.

ನೀವು ನನ್ನನ್ನು ಕರ್ತನ ಭೋಜನದ ರೊಟ್ಟಿ ದ್ರಾಕ್ಷಾರಸದಿಂದ ಹೊರಗಿಡುವುದಾದರೆ ಇಡಿ, ಅದು ಸಭೆಯ ಕ್ರಮ. ಬೈಯುವುದಾದರೆ ಬೈಯಿರಿ. ಒಪ್ಪಿಕೊಂಡಳು, ದೊಡ್ಡ ಮನಸ್ಸಿನವಳು ಎಂದು ಮಾತ್ರ ಹೊಗಳಬೇಡಿ. ಆ ರುಚಿ ನನ್ನ ಬಾಯಿಂದ ಇನ್ನೂ ಪೂರಾ ಹೋಗಿಲ್ಲ.

ಹಬ್ಬದ ದಿನ ಕುರ್ಚಿ ಬೇಡ. ನಿಂತುಕೊಂಡೇ ಹೇಳುತ್ತೇನೆ, ಹೆಚ್ಚು ಹೊತ್ತು ಹಿಡಿಯುವುದಿಲ್ಲ. ಕೆಂಚಮ್ಮ ಉಪವಾಸ ಮಾಡಲಿಲ್ಲ. ಹಟವನ್ನೂ ಮಾಡಲಿಲ್ಲ. ಹಸಿದಿದ್ದಳು, ಸೌಟು ನನ್ನ ಕೈಯಲ್ಲಿತ್ತು.