ಹಾರನ್ ರಿಲೇ ಹುಡುಕಿದ ಭಾನುವಾರ

ಯಾರೋ ಕರೆದ ಹಾಗಾಯ್ತು, ಯಾರೋ ಪಕ್ಕದಲ್ಲಿದ್ದ ಹಾಗಿತ್ತು ಎನ್ನುವವರನ್ನು ಕಂಡರೆ ನನಗೆ ಮೊದಲಿನಿಂದಲೂ ನಗು. ನಿದ್ದೆ ಸಾಲದವರ ಕಥೆಗಳು ಎಂದು ತಳ್ಳಿಹಾಕುತ್ತಿದ್ದೆ. ಈಗ ನನ್ನದೇ ಒಂದನ್ನು ಹೇಳಲು ಕೂತಿದ್ದೇನೆ. ನೀವು ನಕ್ಕರೆ ಬೇಸರವಿಲ್ಲ. ನನ್ನ ಬೇಸರ ಬೇರೆ ವಿಷಯಕ್ಕೆ.

ನಾವಿರುವುದು ಕೋಣನಕುಂಟೆಯಲ್ಲಿ, ನನ್ನ ಮಾವನ ಮನೆಯಲ್ಲೇ. ಮನೆ ಅಳಿಯ ಎಂದು ನೆಂಟರು ಛೇಡಿಸುವುದು ಅಭ್ಯಾಸವಾಗಿಹೋಗಿದೆ. ಎರಡು ವರ್ಷದ ಹಿಂದೆ ಮಾವನಿಗೆ ಪಾರ್ಶ್ವವಾಯು ಹೊಡೆದು ಬಲಗೈ, ಬಲಗಾಲು, ಮಾತು ಎಲ್ಲ ಹೋಯಿತು. ಯಾರಿಗೂ ಮುಟ್ಟಗೊಡದಿದ್ದ ಅವರ ಹಳೆಯ ಕಾರು ಕೆಳಗೆ ದೂಳು ಹಿಡಿದು ನಿಂತಿತ್ತು. ಅವರನ್ನು ಫಿಸಿಯೋಥೆರಪಿಗೆ ಅದರಲ್ಲೇ ಕರೆದೊಯ್ಯಬೇಕು ಎಂದು ನನ್ನ ಹೆಂಡತಿ ಶೋಭಾಳ ಹಟ. ಆದರೆ ಹಾರನ್ ಕೆಟ್ಟಿತ್ತು. ಹಾರನ್ ಇಲ್ಲದೆ ಕನಕಪುರ ರಸ್ತೆಗೆ ಇಳಿಯುವುದುಂಟೇ?

ಒಂದು ಭಾನುವಾರ ಬೆಳಿಗ್ಗೆ ಮೊಬೈಲಿನಲ್ಲಿ ವಿಡಿಯೋ ನೋಡಿ ನಾನೇ ರಿಪೇರಿಗೆ ಇಳಿದೆ. ಡ್ಯಾಶ್‌ಬೋರ್ಡಿನ ಕೆಳಗೆ ರಿಲೇಗಳು, ಅಂದರೆ ಒಂದೇ ಥರದ ಪುಟ್ಟ ಕಪ್ಪು ಡಬ್ಬಿಗಳು, ಸಾಲಾಗಿದ್ದವು. ಹಾರನ್ನಿನದು ಯಾವುದೋ ಗೊತ್ತಿಲ್ಲ. ಉಪಾಯವೇನೋ ಸುಲಭ: ಒಬ್ಬರು ಹಾರನ್ ಒತ್ತಬೇಕು, ಇನ್ನೊಬ್ಬರು ಒಂದೊಂದೇ ರಿಲೇ ಮೇಲೆ ಬೆರಳಿಡಬೇಕು. ಹಾರನ್ ಕೂಗದಿದ್ದರೂ ಅದರ ರಿಲೇ ಟಕ್ಕೆಂದು ಬೆರಳಿಗೆ ಬಡಿಯುತ್ತದೆ.

ಶೋಭಾಳನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿ, ನಾನು ಪಕ್ಕದ ಬಾಗಿಲಿನಿಂದ ತಲೆ ತೂರಿಸಿ ಅಂಗಾತ ಮಲಗಿದೆ. ಅಲ್ಲಿಂದ ವೈರುಗಳ ಹೊರತು ಏನೂ ಕಾಣದು. "ಒತ್ತು" ಎಂದೆ. ಏನೂ ಇಲ್ಲ. ಬೆರಳು ಬದಲಿಸುತ್ತಾ ಹೋದೆ. ಮೂಲೆಯದೊಂದು ಟಕ್ಕೆಂದಿತು. "ಇನ್ನೊಂದ್ಸಲ ಒತ್ತು." ಟಕ್. "ಬಿಟ್ಟು ಒತ್ತು." ಟಕ್. ನಾನು ಹೇಳಿದಾಗಲೆಲ್ಲ, ಹೇಳಿದಾಗ ಮಾತ್ರ.

ಕತ್ತು ನೋಯುತ್ತಿತ್ತು, ಬಾಯಿ ಸಡಿಲವಾಯಿತು. "ಇಷ್ಟೆಲ್ಲ ಯಾಕೆ ಒದ್ದಾಡ್ಬೇಕು ಶೋಭಾ? ನಿಮ್ಮಪ್ಪ ಇನ್ನು ಏಳೋ ಆಸಾಮಿ ಅಲ್ಲ. ಇದನ್ನ ಗುಜರಿಗೆ ಹಾಕಿದ್ರೆ ನನ್ನ ಬೈಕಿಗಾದ್ರೂ ಜಾಗ ಆಗುತ್ತೆ" ಎಂದೆ. "ಒತ್ತು" ಎಂದೆ. ರಿಲೇ ಮಿಸುಕಲಿಲ್ಲ. ಮತ್ತೆ ಹೇಳಿದೆ. ಇಲ್ಲ. ಕೋಪ ಬಂತೇನೋ ಎಂದು ಎದ್ದು ನೋಡಿದರೆ ಸೀಟು ಖಾಲಿ.

ಮಹಡಿಗೆ ಓಡಿದೆ. ಶೋಭಾ ಅಪ್ಪನ ಮಂಚದ ಪಕ್ಕ ಗಂಜಿ ಬಟ್ಟಲು ಹಿಡಿದು ಕೂತಿದ್ದಳು. "ನೀವು ಮಲಗ್ತಿದ್ದ ಹಾಗೇ ಹೇಳಿ ಬಂದ್ನಲ್ರೀ, ಕೇಳಿಸ್ಲಿಲ್ವಾ?" ಎಂದಳು. ಅವಳ ಕಣ್ಣು ಒದ್ದೆಯಾಗಿತ್ತು, ಆದರೆ ನಗುತ್ತಿದ್ದಳು. "ರೀ, ಅಪ್ಪನ ಬಲಗೈ ಹೆಬ್ಬೆಟ್ಟು ಆಡ್ತು! ಹಾಸಿಗೇನ ಒತ್ತಿ ಒತ್ತಿ ಬಿಡ್ತಿದ್ರು. ಈಗಷ್ಟೇ ನಿಲ್ಲಿಸಿದ್ರು."

ಮಾವ ನನ್ನನ್ನು ಒಮ್ಮೆ ನೋಡಿ ಮುಖವನ್ನು ಗೋಡೆಯ ಕಡೆ ತಿರುಗಿಸಿದರು. ನಾನು ನಾಚಿ ಮೆಲ್ಲನೆ ಬಾಗಿಲಾಚೆ ಸರಿದೆ.

ಹಳೇ ರಿಲೇ ತಾನಾಗಿಯೇ ಬಡಿದುಕೊಂಡಿರಬಹುದು ಎಂದು ಬಿಡಿಭಾಗದ ಅಂಗಡಿಯವರು ಹೇಳಿದರು. ಬೆರಳು ಹಾಗೆ ಆಡುವುದುಂಟು ಎಂದು ಡಾಕ್ಟರು ಹೇಳಿದರು. ಎರಡೂ ನಿಜವಿರಬಹುದು. ನನ್ನ ಆ ಒಂದು ಮಾತಿಗೆ ಕೆಳಗೆ ರಿಲೇ, ಮೇಲೆ ಹೆಬ್ಬೆಟ್ಟು ಎರಡೂ ಒಟ್ಟಿಗೇ ನಿಂತದ್ದು ಹೇಗೆಂಬುದು ಮಾತ್ರ ನನಗೆ ಇವತ್ತಿಗೂ ತಿಳಿಯದು.

ಹೆಬ್ಬೆಟ್ಟು ಆಮೇಲೆ ಆಡಲೇ ಇಲ್ಲ. ಶೋಭಾ ದಿನಾ ಅದನ್ನು ನೀವುತ್ತಾ "ಒಂದ್ಸಲ ಆಡ್ಸಪ್ಪ" ಎನ್ನುತ್ತಾಳೆ. ನಾನು ಅಲ್ಲಿ ನಿಲ್ಲಲಾರದೆ ಎದ್ದು ಹೋಗುತ್ತೇನೆ. ಕ್ಷಮೆ ಕೇಳೋಣವೆಂದು ಎಷ್ಟೋ ಸಲ ಮಂಚದ ಬಳಿ ನಿಂತಿದ್ದೇನೆ. ಆದರೆ ಅವತ್ತು ನಾನು ಕಾರಿನಲ್ಲಿ ಆಡಿದ್ದು ಅವರಿಗೆ ಕೇಳಿಸಿಯೇ ಇಲ್ಲದಿದ್ದರೆ? ಕ್ಷಮೆ ಕೇಳುವುದಕ್ಕಾದರೂ ಆ ಮಾತನ್ನು ನಾನು ಅವರ ಎದುರಿಗೇ ಆಡಬೇಕಲ್ಲ.