ಬೇಲಿಯಾಚೆಯ ಗೌಡ್ತಮ್ಮ

ಗೌಡ್ತಮ್ಮನಿಗೆ ಪಿಸುಮಾತು ಎಂಬುದು ಬರುತ್ತಲೇ ಇರಲಿಲ್ಲ. ಗುಟ್ಟಿನ ಮಾತೇನಾದರೂ ಇದ್ದರೆ ಮೊದಲು ಸೆರಗನ್ನು ಬಾಯಿಗೆ ಅಡ್ಡ ಹಿಡಿಯುತ್ತಿದ್ದರು, ಅತ್ತಿತ್ತ ನೋಡುತ್ತಿದ್ದರು, ಆಮೇಲೆ ಬಸ್‌ಸ್ಟ್ಯಾಂಡಿನವರೆಗೂ ಕೇಳುವ ಹಾಗೆ ಅದನ್ನು ಹೇಳಿಬಿಡುತ್ತಿದ್ದರು. ಅವರ ಯಜಮಾನರದು ರಿಪ್ಪನ್‌ಪೇಟೆಯಲ್ಲಿ ದಿನಸಿ ಅಂಗಡಿ. ಮನೆಯಲ್ಲಿ ಸಕ್ಕರೆ ಮುಗಿದರೆ ಗೌಡ್ತಮ್ಮ ಹಿತ್ತಿಲಲ್ಲಿ ನಿಂತು ಒಂದು ಸಲ ಕೂಗಿದರೆ ಸಾಕು, ಅಲ್ಲಿ ಗೌಡರು ಪೊಟ್ಟಣ ಕಟ್ಟಲು ಶುರು ಮಾಡುತ್ತಾರೆ ಎಂದು ಊರವರು ತಮಾಷೆ ಮಾಡುತ್ತಿದ್ದರು.

ಹೆಸರು ಪುಟ್ಟಮ್ಮ, ತವರು ತೀರ್ಥಹಳ್ಳಿ ಕಡೆ. ಆದರೆ ಅವರನ್ನು ಹೆಸರು ಹಿಡಿದು ಕರೆದವರನ್ನು ನಾನು ಕಂಡಿಲ್ಲ. ಎತ್ತರದ ಆಳು, ಅಗಲ ಕುಂಕುಮ, ಕಾಲಿಗೆ ಗಂಡಸರ ಚಪ್ಪಲಿ. ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಆ ಊರಿನ ಶಾಲೆಗೆ ಟೀಚರಾಗಿ ಹೋದಾಗ ನಮಗೆ ಸಿಕ್ಕಿದ ಬಾಡಿಗೆ ಮನೆ ಅವರ ಪಕ್ಕದ್ದು. ನಡುವೆ ದಾಸವಾಳದ ಬೇಲಿ. ನನ್ನವರು ಲಿಂಗನಮಕ್ಕಿಯಲ್ಲಿ ಕೆಲಸದಲ್ಲಿದ್ದರು. ಶನಿವಾರ ಬಂದು ಸೋಮವಾರ ಬೆಳಗಿನ ಬಸ್ಸಿಗೆ ಹೊರಟುಬಿಡುತ್ತಿದ್ದರು. ಉಳಿದ ದಿನ ಮನೆಯಲ್ಲಿ ನಾನು ಮತ್ತು ನನ್ನ ಅತ್ತೆ, ಅತ್ತೆಯ ಜೊತೆಗೆ ಅವರ ಮಡಿ.

ಅಲ್ಲಿಗೆ ಹೋದ ಮೊದಲ ವರ್ಷವೇ ನನಗೊಂದು ಗರ್ಭ ನಿಂತು, ಮೂರು ತಿಂಗಳು ತುಂಬುವ ಮೊದಲೇ ಹೋಗಿತ್ತು. ಅತ್ತೆ ಬೈಯಲಿಲ್ಲ. “ನೀರಿನ ಕೊಡ ಎತ್ತಡ ಹೇಳಿ ಆನು ಆಗ್ಲೇ ಹೇಳಿದ್ದಿ,” ಎಂದು, ಎತ್ತಬೇಡವೆಂದು ತಾವು ಆಗಲೇ ಹೇಳಿದ್ದಾಗಿ, ನಮ್ಮ ಮನೆಮಾತಿನಲ್ಲಿ ಒಂದೇ ಒಂದು ಸಲ ಅಂದರು. ಬೈದಿದ್ದರೆ ಜಗಳವಾಡಬಹುದಿತ್ತು. ಆ ಒಂದು ಮಾತು ಮಾತ್ರ ನನ್ನೊಳಗೆ ಮುಳ್ಳು ಮುರಿದ ಹಾಗೆ ಉಳಿದುಬಿಟ್ಟಿತು. ಆದ್ದರಿಂದ ಮರುವರ್ಷ ಮತ್ತೆ ಮುಟ್ಟಿನ ದಿನ ಕಳೆದು, ಬೆಳಗ್ಗೆ ಚಾಕ್‌ಪೀಸಿನ ವಾಸನೆಗೂ ಹೊಟ್ಟೆ ತೊಳಸತೊಡಗಿದಾಗ ನಾನು ಯಾರಿಗೂ ಹೇಳಲಿಲ್ಲ. ನನ್ನವರಿಗೂ ಇಲ್ಲ. ಅತ್ತೆ ಆಗ ಸಾಗರಕ್ಕೆ ಮಗಳ ಬಾಣಂತನಕ್ಕೆಂದು ಹೋದವರು ಬಹಳ ದಿನ ಅಲ್ಲೇ ಉಳಿದಿದ್ದರು.

ಅವರು ಹಿಂತಿರುಗಿ ಬಂದ ವಾರದಲ್ಲೇ ಒಂದು ಬೆಳಗ್ಗೆ ನನಗೆ ಬಟ್ಟೆಯಲ್ಲಿ ಕೆಂಪು ಚುಕ್ಕೆ ಕಂಡಿತು. ಆ ಬಟ್ಟೆ ಹಿಡಿದು ಒಗೆಯುವ ಕಲ್ಲಿನ ಮುಂದೆ ನಿಂತಿದ್ದೆ. ಅತ್ತೆ ನೋಡಿದರು. “ಹೊರಗಾತಾ?” ಎಂದು ಕೇಳಿದರು. ಮುಟ್ಟಾಯಿತೇ ಎಂದು ಅದರ ಅರ್ಥ. ಇಲ್ಲ ಎಂದರೆ ಎಲ್ಲವನ್ನೂ ಹೇಳಬೇಕಾಗುತ್ತಿತ್ತು, ನಾನು ಹೂಂ ಅಂದುಬಿಟ್ಟೆ. ನಮ್ಮ ಮನೆಗಳಲ್ಲಿ ಆಗ ಮುಟ್ಟಾದವರು ಮೂರು ದಿನ ಹೊರಗೆ ಕೂರಬೇಕಿತ್ತು. ಅತ್ತೆ ಹಿತ್ತಿಲ ಜಗಲಿಗೆ ಒಂದು ಚಾಪೆ, ಒಂದು ಲೋಟ ತಂದಿಟ್ಟು ಒಳಗೆ ಹೋದರು. ನಾನು ಶಾಲೆಗೆ ರಜೆ ಹೇಳಿ ಕಳಿಸಿ ಗೋಡೆಗೆ ಮುಖ ಮಾಡಿ ಕುಳಿತೆ.

ಗೌಡ್ತಮ್ಮ ಬೇಲಿಯ ಮೇಲೆ ಬಟ್ಟೆ ಹರವಲು ಬಂದರು.

“ಏನ್ ಟೀಚ್ರೇ, ಶಾಲೆಗೆ ಹೋಗ್ಲಿಲ್ವಾ? ಓಹೋ, ಕೂತಿದೀರಾ!” ಎಂದವರು ಒದ್ದೆ ಬಟ್ಟೆಯನ್ನು ಕೈಯಲ್ಲೇ ಹಿಡಿದು ನಿಂತುಬಿಟ್ಟರು. “ಅಲ್ಲಾ ಮಾರಾಯ್ತಿ, ಹೋದ ತಿಂಗ್ಳು ನಿಮ್ಮ ತುಳಸಿ ದೀಪ ಒಂದಿನನೂ ತಪ್ಪಿಲ್ಲ. ನಾ ದಿನಾ ಕಾಣ್ತಿದ್ದೆ. ಈಗ ಕೂತಿದೀರಿ ಅಂದ್ರೆ ಇದು ಎಂಥದು?”

ಅದು ನಿಜ. ಮುಟ್ಟಾದ ದಿನಗಳಲ್ಲಿ ನಾನು ಒಬ್ಬಳೇ ಇದ್ದರೂ ತುಳಸಿಗೆ ದೀಪ ಇಡುತ್ತಿರಲಿಲ್ಲ. ಹೊರಗೆ ಕೂರುವ ಪದ್ಧತಿ ಇದ್ದ ಬೀದಿಯಲ್ಲಿ ಒಬ್ಬ ಹೆಂಗಸಿನ ತಿಂಗಳ ಲೆಕ್ಕ ಇನ್ನೊಬ್ಬಳಿಗೆ ತಿಳಿಯದೆ ಇರುವುದಿಲ್ಲ. ನಾನು ಅದನ್ನೇ ಮರೆತಿದ್ದೆ. ಅಳು ಒತ್ತರಿಸಿ ಬಂತು. ಗೌಡ್ತಮ್ಮ ಸೆರಗನ್ನು ಬಾಯಿಗೆ ಅಡ್ಡ ಹಿಡಿದು, ಅತ್ತಿತ್ತ ನೋಡಿ, “ಬಸುರಿಯೇನೇ?” ಎಂದು ಕೇಳಿದರು. ನಾಲ್ಕು ಮನೆಗೆ ಕೇಳಿಸಿತು. ಅತ್ತೆ ಸೌಟು ಹಿಡಿದುಕೊಂಡೇ ಹಿತ್ತಿಲಿಗೆ ಬಂದರು.

ಆ ಕ್ಷಣದ ಅತ್ತೆಯ ಮುಖ ನೆನೆದರೆ ಈಗ ನಗು ಬರುತ್ತದೆ, ಆಗ ಯಾರಿಗೂ ನಗು ಬಂದಿರಲಿಲ್ಲ. “ರಕ್ತ ಕಂಡದ್ದು ಹೌದಾದ್ರೆ ಒಳಗೆ ಬಪ್ಪಲಾಗ. ಬಸುರಿ ಹೌದಾದ್ರೆ ಹೊರಗೆ ಕೂರ್ಸಲಾಗ. ಆನೀಗ ಎಂತ ಮಾಡದು?” ಎಂದು ಹೊಸ್ತಿಲ ಮೇಲೆ ನಿಂತೇ ಕೇಳಿದರು. ಅವರಿಗೆ ತಿಳಿದ ಶಾಸ್ತ್ರದಲ್ಲಿ ನನ್ನನ್ನು ಇಡಲು ಒಳಗೂ ಹೊರಗೂ ಜಾಗವಿರಲಿಲ್ಲ.

“ನೀವು ಶಾಸ್ತ್ರ ನಿಧಾನಕ್ಕೆ ಯೋಚ್ನೆ ಮಾಡಿ ಅಮ್ಮ,” ಎಂದರು ಗೌಡ್ತಮ್ಮ. “ಅಲ್ಲಿ ತನಕ ಇವಳು ನಮ್ಮನೇಲಿರ್ಲಿ. ಒಳಗೆ ಹೊರಗೆ ಅನ್ನೋದೆಲ್ಲ ನಮ್ಮನೇಲಿ ನಮ್ಮತ್ತೆ ಜೊತೆಗೇ ಹೋಯ್ತು.” ಬೇಲಿಯ ಸಂದಿಯಲ್ಲಿ ತೂರಿ ಬಂದು, ನನ್ನ ಚಾಪೆಯನ್ನು ಸುರುಳಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು, ಇನ್ನೊಂದು ಕೈಯಲ್ಲಿ ನನ್ನ ರಟ್ಟೆ ಹಿಡಿದರು. ಆವತ್ತಿನಿಂದ ಅವರಿಗೆ ನಾನು ‘ನೀವು’ ಹೋಗಿ ‘ನೀನು’ ಆದೆ.

ಮರುದಿನ ನಾನು, ಅತ್ತೆ, ಗೌಡ್ತಮ್ಮ ಮೂವರೂ ಡಾಕ್ಟರಿಗೆ ತೋರಿಸಲು ಸಾಗರಕ್ಕೆ ಹೊರಟೆವು. ಬಸ್ಸು ಹತ್ತಿದ ಕೂಡಲೇ ಗೌಡ್ತಮ್ಮ ಡ್ರೈವರನ ಬೆನ್ನ ಹಿಂದೆ ಹೋಗಿ ನಿಂತರು. “ಹಿಂದ್ಗಡೆ ಬಸುರಿ ಹೆಂಗ್ಸು ಕೂತಿದಾಳೆ, ರಕ್ತ ಬೇರೆ ಕಂಡಿದೆ. ಗುಂಡಿ ಕಂಡಲ್ಲೆಲ್ಲ ಎತ್ತಿ ಹಾಕಿದ್ರೆ ನಿಮ್ಮನ್ನ ನಾ ಬಿಡದಿಲ್ಲ ನೋಡಿ.” ಬಸ್ಸಿಗೆ ಬಸ್ಸೇ ತಿರುಗಿ ನನ್ನನ್ನು ನೋಡಿತು. ನೆಲ ಬಾಯಿಬಿಟ್ಟರೆ ಇಳಿದುಹೋಗುತ್ತಿದ್ದೆ. ಆದರೆ ಮುಂದಿನ ಸೀಟಿನ ಅಜ್ಜಿಯೊಬ್ಬರು ಹಿಂದೆ ತಿರುಗಿ, “ನಂಗೆ ನಮ್ಮ ಹಿರಿಮಗನ ಬಸುರಲ್ಲಿ ಹಿಂಗೇ ಆಗಿತ್ತು ತಂಗಿ. ಅವ್ನಿಗೀಗ ಎರಡು ಮಕ್ಳು,” ಎಂದರು. ಆಚೆ ಬದಿಯ ಹೆಂಗಸು, “ನಂದು ಉಳೀಲಿಲ್ಲ. ಆದ್ರೆ ಅದಾದ್ಮೇಲೆ ಇವ್ನು ಹುಟ್ಟಿದ,” ಎಂದು ತೊಡೆಯ ಮೇಲಿನ ಕೂಸನ್ನು ತೋರಿಸಿದಳು. ಒಂದು ವರ್ಷ ಬಾಯಿ ಮುಚ್ಚಿಕೊಂಡು ಒಬ್ಬಳೇ ಹೊತ್ತದ್ದು ಇಷ್ಟು ಹೆಂಗಸರಿಗೆ ಗೊತ್ತಿದ್ದ ಸಂಗತಿ ಎಂದು ನನಗೆ ತಿಳಿದದ್ದು ಆ ಬಸ್ಸಿನಲ್ಲಿ.

ಸಾಗರದ ಲೇಡಿ ಡಾಕ್ಟರು ಸಮಾಧಾನದ ಹೆಂಗಸು. ಪರೀಕ್ಷೆ ಮಾಡಿ, ಗರ್ಭದ ಬಾಯಿ ಇನ್ನೂ ಮುಚ್ಚಿಯೇ ಇದೆ, ಅದು ಒಳ್ಳೆಯದೇ ಎಂದರು. “ಶುರುವಿನಲ್ಲಿ ಹೀಗೆ ಸ್ವಲ್ಪ ಕಾಣಿಸ್ಕೊಳ್ಳೋದು ತುಂಬಾ ಜನಕ್ಕೆ ಆಗುತ್ತೆ. ಎಷ್ಟೋ ಸಲ ಏನೂ ತೊಂದರೆಯಾಗದೆ ಮುಂದುವರಿಯುತ್ತೆ, ಕೆಲವು ಸಲ ಇಲ್ಲ. ಈಗಲೇ ಹೇಳೋಕೆ ಬರಲ್ಲ, ಕಾಯಬೇಕು. ಹೊಟ್ಟೆನೋವು ಬಂದ್ರೆ, ರಕ್ತ ಜಾಸ್ತಿ ಹೋದ್ರೆ, ತಲೆ ಸುತ್ತಿದ್ರೆ ಮಾತ್ರ ತಡ ಮಾಡದೆ ಬನ್ನಿ.” ನಾವು ಏಳುವಷ್ಟರಲ್ಲಿ ಗೌಡ್ತಮ್ಮ ಮತ್ತೆ ಸೆರಗು ಬಾಯಿಗೆ ಹಿಡಿದರು.

“ಡಾಕ್ಟ್ರಮ್ಮ, ಹೋದ ವರ್ಷ ಇವಳಿಗೆ ಒಂದು ಹೋಗಿದೆ. ನೀರಿನ ಕೊಡ ಎತ್ತಿದ್ದಕ್ಕೆ ಹೋಯ್ತಾ ಅದು?”

ಬೇಲಿಯಾಚೆ ಇದ್ದುಕೊಂಡೇ ಅವರಿಗೆ ಆ ಮಾತೂ ಗೊತ್ತಿತ್ತು. ನಾನು ನೆಲ ನೋಡಿದೆ. ಅತ್ತೆ ಕಿಟಕಿ ನೋಡಿದರು.

“ಇಲ್ಲಮ್ಮ,” ಎಂದರು ಡಾಕ್ಟರು. “ಕೊಡ ಎತ್ತಿದ್ದಕ್ಕೆ, ಶಾಲೆಗೆ ಹೋಗಿದ್ದಕ್ಕೆ ಹಾಗೆ ಹೋಗಲ್ಲ. ಬಹಳಷ್ಟು ಸಲ ಅದು ಬೆಳೆಯೋಕೆ ಆಗದೇ ಇದ್ದದ್ದೇ ಇರುತ್ತೆ. ಯಾರ ತಪ್ಪೂ ಅಲ್ಲ.”

“ಕೇಳ್ತಾ ಅಮ್ಮ?” ಎಂದು ಗೌಡ್ತಮ್ಮ ಅತ್ತೆಯ ಕಡೆ ತಿರುಗಿದರು. ಅತ್ತೆ ಹೊರಗೆ ಬಂದು ಚಪ್ಪಲಿ ಮೆಟ್ಟುವಾಗ ನನ್ನ ಕೈಯಲ್ಲಿದ್ದ ಚೀಲವನ್ನು ತೆಗೆದುಕೊಂಡರು, ಅಷ್ಟೆ. ನನಗೆ ಅಷ್ಟು ಸಾಕಾಯಿತು. ಬಸ್‌ಸ್ಟ್ಯಾಂಡಿನಲ್ಲಿ ನಾನು ಮನಸಾರೆ ಅತ್ತುಬಿಟ್ಟೆ.

ಆಮೇಲಿನದು ಗೌಡ್ತಮ್ಮನ ಮನೆಯಲ್ಲಿದ್ದು ಬರೀ ಕಾಯುವ ಕೆಲಸ. ಅತ್ತೆ ವರದಹಳ್ಳಿಯ ಆಶ್ರಮಕ್ಕೆ ಹರಕೆ ಹೊತ್ತು, ದಿನವೂ ಅಡುಗೆ ಮಾಡಿ ತಂದು ಬೇಲಿಯ ಸಂದಿಯಲ್ಲಿ ಇಟ್ಟು ಹೋಗುತ್ತಿದ್ದರು. ನಾನು ಅಲ್ಲಿದ್ದಷ್ಟು ದಿನ ಗೌಡರ ಮನೆಗೆ ಮೀನು ಬರಲಿಲ್ಲ. ಗೌಡರು ಬರಿಯ ಸಾರು ಕಲಸುತ್ತ ಗೊಣಗಿದರೆ, “ಬಸ್ರಿಗೆ ವಾಂತಿ ಬಂದ್ರೆ ನೀವು ಬಳೀತೀರಾ?” ಎಂಬ ಉತ್ತರ ಸಿಗುತ್ತಿತ್ತು. ನನಗೋ ಗಳಿಗೆಗೊಮ್ಮೆ ಬಚ್ಚಲಿಗೆ ಹೋಗಿ ಬಟ್ಟೆ ನೋಡುವ ಹುಚ್ಚು ಹಿಡಿದಿತ್ತು. ಗೌಡ್ತಮ್ಮ ಬಾಗಿಲಿಗೆ ಅಡ್ಡ ಕುಳಿತು, “ನೋಡಕ್ಕೆ ಅಂತ ಹೋಗದು ಬ್ಯಾಡ. ಹೋಗ್ಬೇಕಾದಾಗ ಹೋಗು, ಇದ್ರೆ ಆಗ್ಲೂ ಕಾಣ್ತದೆ,” ಎನ್ನುತ್ತಿದ್ದರು. ಕೈ ಸುಮ್ಮನಿರಬಾರದೆಂದು ಮೊರದಲ್ಲಿ ಅಕ್ಕಿ ತಂದು ಕಲ್ಲು ಆರಿಸಲು ಕೊಡುತ್ತಿದ್ದರು. ನಾನು ಆರಿಸಿದ ಅಕ್ಕಿಯನ್ನೇ ಮರುದಿನ ಮತ್ತೆ ಕೊಡುತ್ತಿದ್ದಾರೆ ಎಂದು ತಿಳಿಯಲು ನನಗೆ ಬಹಳ ದಿನ ಹಿಡಿಯಿತು.

ಒಂದು ಮಧ್ಯಾಹ್ನ ಮತ್ತೆ ಕೆಂಪು ಕಂಡಿತು. ಮೊದಲಿಗಿಂತ ಹೆಚ್ಚು. ಗೋಡೆ ಹಿಡಿದುಕೊಂಡು ಬಂದು ಹಾಸಿಗೆಯಲ್ಲಿ ಬಿದ್ದೆ. ಗೌಡ್ತಮ್ಮ ನೋವಿದೆಯಾ ಎಂದು ಕೇಳಿದರು, ಇಲ್ಲ ಎಂದೆ. ಹಣೆ ಮುಟ್ಟಿ ನೋಡಿದರು. ಜಾಸ್ತಿಯಾದರೆ ಇರಲಿ ಎಂದು ಟ್ಯಾಕ್ಸಿಯವನಿಗೆ ಹೇಳಿ ಕಳಿಸಿ, ನನ್ನ ಕಾಲ ಬಳಿ ಕುಳಿತರು. ಏನೂ ಆಗಲ್ಲ ಎಂದು ಶನಿವಾರ ಬರುತ್ತಿದ್ದ ನನ್ನವರೂ ಸೇರಿ ಉಳಿದವರೆಲ್ಲ ಹೇಳುತ್ತಿದ್ದ ಮಾತನ್ನು ಅವರು ಒಂದು ಸಲವೂ ಹೇಳಲಿಲ್ಲ. “ನಂಗೆ ಎರಡು ಹೋಗಿದಾವೆ ಕಣೇ. ಆಮೇಲೆ ಎರಡು ಉಳಿದಾವೆ. ನಾಳೇದು ನಂಗೂ ಗೊತ್ತಿಲ್ಲ, ಡಾಕ್ಟ್ರಿಗೂ ಗೊತ್ತಿಲ್ಲ. ಇವತ್ತು ನೀನು ಬಸುರಿ ಹೌದಲ? ಇವತ್ತಿನ ಗಂಜಿ ಕುಡಿ,” ಎಂದರು. ನಾನು ಕುಡಿದೆ. ಟ್ಯಾಕ್ಸಿಯವನು ಕತ್ತಲಾಗುವ ತನಕ ಕಾದು, ಕಾಫಿ ಕುಡಿದು ಹೋದ.

ಕೆಂಪು ಹೋಗಿ ಕಂದು ಬಣ್ಣವಾಯಿತು, ಆಮೇಲೆ ಅದೂ ನಿಂತಿತು. ಒಂದು ದಿನ ಬೆಳಗಾದರೆ ಕರುಳು ಕಿತ್ತು ಬರುವಂತೆ ವಾಂತಿ. ಬಸುರು ಗಟ್ಟಿಯಾಯಿತೆಂದು ಗೌಡ್ತಮ್ಮನಿಗೆ ಅದೆಂಥ ಸಂಭ್ರಮ! ಬೇಲಿಗೆ ಓಡಿಹೋಗಿ, “ಅಮ್ಮಾ, ಸರೀ ವಾಂತಿ ಮಾಡ್ತಿದಾಳೆ!” ಎಂದು ಕೂಗಿ ಹೇಳಿದರು. ಅತ್ತೆ ಆವತ್ತು ನನ್ನನ್ನು ಒಳಗೆ ಕರೆದುಕೊಂಡರು. ಬೇಸಿಗೆ ರಜೆಯಲ್ಲಿ ಮಗಳು ಹುಟ್ಟಿದಳು.

ಮುಂದೆ ನನಗೆ ಹೊಸನಗರಕ್ಕೆ ವರ್ಗವಾಯಿತು. ಗೌಡರು ತೀರಿಕೊಂಡ ಮೇಲೆ ಗೌಡ್ತಮ್ಮ ತೀರ್ಥಹಳ್ಳಿಯಲ್ಲಿ ಮಗಳ ಮನೆ ಸೇರಿದರು. ಎಂಬತ್ತರ ದಶಕ ಮುಗಿಯುತ್ತಾ ಬಂದಾಗ, ಅವರಿಗೆ ಹುಷಾರಿಲ್ಲವೆಂದು ಕೇಳಿ ನನ್ನ ಹುಡುಗಿಯನ್ನು ಕರೆದುಕೊಂಡು ಹೋದೆ. ಮಂಚದ ಮೇಲೆ ದಿಂಬಿಗೆ ಒರಗಿದ್ದರು. ಹುಡುಗಿಯ ಗಲ್ಲ ಹಿಡಿದು ತುಂಬ ಹೊತ್ತು ನೋಡಿದರು.

“ಆವತ್ತು ನಿನ್ನ ಕರ್ಕಂಡ್ ಹೋದ್ನಲ, ಇದು ಉಳಿಯದಿಲ್ಲ ಅಂತಲೇ ನಾ ತಿಳ್ದಿದ್ದೆ ಕಣೇ,” ಎಂದರು. “ಹೋಗ ಹೊತ್ತಿಗೆ ನೀನು ಆ ಜಗಲಿ ಮೇಲೆ ಒಬ್ಳೇ ಇರದು ಬ್ಯಾಡ ಅಂತ ಕರ್ಕಂಡೆ, ಅಷ್ಟೇಯ.” ಆಮೇಲೆ ಹುಡುಗಿಯ ಕಡೆ ತಿರುಗಿ, “ನೀನು ಬದುಕ್ಕಂಡೆ,” ಎಂದು ನಕ್ಕರು. ಅವರ ಪಾದ ಮುಟ್ಟಿ ನಮಸ್ಕಾರ ಮಾಡಿ ಬಂದೆ.

ಆ ಮಳೆಗಾಲದಲ್ಲೇ ಅವರು ಹೋದರು. ತೀರ್ಥಹಳ್ಳಿಯಿಂದ ಬಂದ ಸಹೋದ್ಯೋಗಿಯೊಬ್ಬರು ಸುದ್ದಿ ಹೇಳಿ ಹೋದಾಗ ಅತ್ತೆ ಈಳಿಗೆಮಣೆಯ ಮುಂದೆ ತರಕಾರಿ ಹೆಚ್ಚುತ್ತಾ ಕುಳಿತಿದ್ದರು. ಎದ್ದು ಸೀದಾ ಬಚ್ಚಲಿಗೆ ಹೋಗಿ, ಉಟ್ಟ ಸೀರೆಯಲ್ಲೇ ತಲೆಯ ಮೇಲೆ ತಣ್ಣೀರು ಸುರಿದುಕೊಂಡರು. ಹತ್ತಿರದ ಸಂಬಂಧಿಕರು ತೀರಿಕೊಂಡ ಸುದ್ದಿ ಕೇಳಿದಾಗ ಮಾತ್ರ ನಮ್ಮಲ್ಲಿ ಹಾಗೆ ಮೀಯುವುದು. ನೀರು ಸೋರುತ್ತಲೇ ಹೊರಗೆ ಬಂದು ನನ್ನನ್ನು ನೋಡಿದರು.

“ಎಂತ ನೋಡ್ತೆ? ನೀನೂ ಮಿಂದ್ಕಂಡು ಬಾ, ಮಗಳನ್ನೂ ಮೀಯಿಸು,” ಎಂದರು. “ನಮ್ಗೆ ಮೂರು ದಿನ ಸೂತಕ.”